‘ರಕ್ತ ಕಡಿಮೆ’ ಅಂದ ಮೇಲೆ ಯಾಕೆ ಅಂತಲೂ ಕೇಳಿ

ಕೊಪ್ಪಳ ಜಿಲ್ಲೆಯ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಹಾಗೂ ನಮ್ಮ ಜಿಲ್ಲೆಯ ತಂದೆ ತಾಯಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ,

ನಮಸ್ಕಾರ.

ನಾನು ಗಂಗಾವತಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸೋಮವಾರ ಬಿಸಿಯೂಟ ಮುಗಿದ ಮೇಲೆ ಮಕ್ಕಳಿಗೆ ಕಬ್ಬಿಣಾಂಶದ ನೀಲಿ ಗುಳಿಗೆ ಹಂಚುವ ಕೆಲಸವೂ ನನ್ನದೇ. ಕೆಲವರು ಅದನ್ನು ನಾಲಿಗೆ ಅಡಿ ಇಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾರೆ. ಅದಕ್ಕೆ ನುಂಗಿದ ಮೇಲೆ ಬಾಯಿ ತೆರೆದು ತೋರಿಸಲೇಬೇಕು ಅಂತ ಮಾಡಿದ್ದೇನೆ. ಸುಸ್ತು, ತಲೆಸುತ್ತು ಅಂತ ಯಾವ ಹುಡುಗಿ ಬಂದರೂ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ‘ರಕ್ತ ಕಡಿಮೆ ಇದೆ, ಗುಳಿಗೆ ತಪ್ಪಿಸಬೇಡ, ಸೊಪ್ಪು ತಿನ್ನು’ ಅಂತ ಹೇಳಿ ಕಳಿಸುತ್ತಿದ್ದೆ. ಎಷ್ಟೋ ವರ್ಷ ಹಾಗೇ ಹೇಳಿದ್ದೇನೆ. ಹೆಚ್ಚಿನವರಿಗೆ ಅದು ಸರಿಯಾದ ಮಾತೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಇವರಲ್ಲಿ ತುಂಬಾ ಜನಕ್ಕೆ ಕಬ್ಬಿಣಾಂಶವೇ ಕೊರತೆ. ಆ ನೀಲಿ ಗುಳಿಗೆ ಬೇಕೇ ಬೇಕು. ಅದನ್ನು ದೂರಲು ಈ ಪತ್ರ ಬರೆಯುತ್ತಿಲ್ಲ.

‘ರಕ್ತ ಕಡಿಮೆ’ ಅನ್ನುವುದು ಕಾಯಿಲೆಯ ಹೆಸರಲ್ಲ. ಜ್ವರ ಹೇಗೋ ಹಾಗೆ, ಅದೂ ಒಂದು ಲಕ್ಷಣ. ಜ್ವರ ಬಂದರೆ ಮಲೇರಿಯಾನೋ ಡೆಂಗಿನೋ ಅಂತ ನೋಡುತ್ತೇವೆ ಅಲ್ವಾ? ರಕ್ತ ಕಡಿಮೆ ಅಂದಾಗ ಮಾತ್ರ ಅಲ್ಲಿಗೇ ನಿಲ್ಲಿಸಿ, ಟಾನಿಕ್ ಬಾಟಲಿ ಹಿಡಿದು ಮನೆಗೆ ಬರುತ್ತೇವೆ. ಹಾಗೆ ನಿಲ್ಲಿಸಿದ್ದರಿಂದ ಏನಾಯಿತು ಅಂತ ಎರಡು ಮಕ್ಕಳಲ್ಲಿ ಕಣ್ಣಾರೆ ನೋಡಿದ್ದೇನೆ. ಒಂದು ನನ್ನ ಮಗಳು. ಇನ್ನೊಂದು ನನ್ನ ಶಾಲೆಯ ಹುಡುಗ.

ಮಗಳಿಗೆ ಆಗ ಹನ್ನೊಂದು ವರ್ಷ. ಮಳೆಗಾಲದಲ್ಲಿ ನಾಲ್ಕು ದಿನ ನೆಗಡಿ ಜ್ವರ ಬಂದು ಹೋಗಿತ್ತು. ಆಮೇಲೆ ಒಂದು ಬೆಳಿಗ್ಗೆ ಜಡೆ ಹಾಕುವಾಗ ನೋಡಿದರೆ ಕಣ್ಣು ಹಳದಿ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ನಮ್ಮತ್ತೆ ನೋಡಿದವರೇ, ‘ಇದು ಕಾಮಣಿನ ಐತಿ. ಇಂಗ್ಲಿಷ್ ಔಷಧ ಇದಕ್ಕೆ ನಡ್ಯಂಗಿಲ್ಲ’ ಅಂದರು. ಪಕ್ಕದ ಊರಿಗೆ ಕರೆದುಕೊಂಡು ಹೋದೆವು. ಅಲ್ಲಿ ಬೇರಿನ ರಸ ಕುಡಿಸಿದರು, ಮುಂಗೈಗೆ ಸಣ್ಣದಾಗಿ ಬರೆ ಹಾಕಿದರು. ವಿಜ್ಞಾನ ಕಲಿಸುವ ನಾನೇ ಅವಳ ಕೈ ಹಿಡಿದುಕೊಂಡಿದ್ದೆ. ಆ ಕಲೆ ಇನ್ನೂ ಇದೆ.

ಹಳದಿ ಇಳಿಯಲಿಲ್ಲ. ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಬೆರಳು ಚುಚ್ಚಿ ನೋಡಿ, ‘ರಕ್ತ ಕಡಿಮೆ ಇದೆ, ಲಿವರ್ ಸ್ವಲ್ಪ ವೀಕ್ ಇರಬಹುದು’ ಅಂತ ಕಬ್ಬಿಣದ ಟಾನಿಕ್ ಬರೆದರು. ಒಂಬತ್ತು ದಿನ ಕುಡಿಸಿದೆ. ಹತ್ತನೇ ದಿನ ಮನೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು ಕುಸಿದು ಕೂತಳು. ತುಟಿ ಬಿಳಿಚಿಕೊಂಡಿತ್ತು. ಅವತ್ತೇ ರಾತ್ರಿ ಬಳ್ಳಾರಿಗೆ ಹೊತ್ತುಕೊಂಡು ಓಡಿದೆವು. ಹಿಮೋಗ್ಲೋಬಿನ್ 4.6.

ಅಲ್ಲಿ ಲ್ಯಾಬಿನಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ನಾನು ವಿಜ್ಞಾನ ಟೀಚರ್ ಅಂತ ಗೊತ್ತಾದ ಮೇಲೆ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ ಸವರಿ ಬಣ್ಣ ಹಾಕಿದ್ದರು. ಇದಕ್ಕೆ ಸ್ಮಿಯರ್ ಅನ್ನುತ್ತಾರೆ. ಕೆಂಪು ಕಣದ ನಡುವೆ ಎಳೆ ಬಣ್ಣದ ತಗ್ಗು ಇರುತ್ತದೆ, ಒತ್ತಿದ ವಡೆ ಥರ. ನನ್ನ ಮಗಳ ರಕ್ತದಲ್ಲಿ ಎಷ್ಟೋ ಕಣಗಳಿಗೆ ಆ ತಗ್ಗೇ ಇರಲಿಲ್ಲ. ಸಾಸಿವೆ ಕಾಳಿನ ಹಾಗೆ ಸಣ್ಣಗೆ, ದುಂಡಗೆ, ಗಟ್ಟಿಯಾಗಿ ಕಂಡವು. ಅವುಗಳ ಮಧ್ಯೆ ಅಲ್ಲಲ್ಲಿ ನೀಲಿ ಛಾಯೆಯ ದೊಡ್ಡ ಕಣಗಳಿದ್ದವು. ‘ಇವು ಈಗಷ್ಟೇ ಎಲುಬಿನೊಳಗಿನ ಮಜ್ಜೆಯಿಂದ ಬಂದ ಎಳೆಯವು ಮೇಡಂ. ಮಜ್ಜೆ ಚೆನ್ನಾಗೇ ಕೆಲಸ ಮಾಡ್ತಿದೆ. ಮಾಡಿದ್ದನ್ನ ಯಾರೋ ಒಡೆದು ಹಾಕ್ತಿದ್ದಾರೆ’ ಅಂದರು.

ಒಡೆದು ಹಾಕುತ್ತಿದ್ದದ್ದು ಅವಳ ಮೈಯ ರಕ್ಷಣಾ ವ್ಯವಸ್ಥೆಯೇ. ಸೋಂಕಿನ ಮೇಲೆ ಬೀಳಬೇಕಾದ ಪ್ರತಿಕಾಯಗಳು ಅವಳದೇ ಕೆಂಪು ಕಣಗಳಿಗೆ ಅಂಟಿಕೊಂಡಿದ್ದವು. ಅಂಥ ಕಣಗಳನ್ನು ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ಹಿಡಿದು ನಾಶ ಮಾಡುತ್ತಿತ್ತು. ಇದು ಹಿಮೋಲಿಟಿಕ್ ಅನೀಮಿಯಾದ, ಅಂದರೆ ಕೆಂಪು ಕಣ ಒಡೆದು ರಕ್ತ ಕಡಿಮೆಯಾಗುವ ಕಾಯಿಲೆಯ, ಒಂದು ಬಗೆ. ಕಣ ಒಡೆದಾಗ ಅದರೊಳಗಿನ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಅನ್ನುವ ಹಳದಿ ಬಣ್ಣ ಹುಟ್ಟುತ್ತದೆ. ಕಣ್ಣಿನಲ್ಲಿ ಕಂಡದ್ದು ಅದೇ. ಲಿವರ್ ಸರಿಯಾಗೇ ಇತ್ತು! ನಾವು ಯಾವುದಕ್ಕೆ ಬರೆ ಹಾಕಿಸಿದ್ದೆವೋ ಆ ಕಾಯಿಲೆ ಅವಳಿಗೆ ಇರಲೇ ಇಲ್ಲ.

ಪ್ರತಿಕಾಯ ಅಂಟಿದೆಯಾ ಅಂತ ನೋಡಲು ಕೂಂಬ್ಸ್ ಪರೀಕ್ಷೆ ಇದೆ. ಬ್ರಿಟನ್ನಿನಲ್ಲಿ ರಾಬಿನ್ ಕೂಂಬ್ಸ್ ಮತ್ತು ಜೊತೆಗಾರರು 1945ರಲ್ಲೇ ಕಂಡುಹಿಡಿದದ್ದು. ಎಳೆ ಕೆಂಪು ಕಣಗಳನ್ನು ಎಣಿಸುವುದಕ್ಕೆ ರೆಟಿಕ್ಯುಲೋಸೈಟ್ ಎಣಿಕೆ ಅನ್ನುತ್ತಾರೆ. ಮಾಮೂಲಾಗಿ ಅದು ನೂರಕ್ಕೆ ಒಂದೋ ಎರಡೋ ಇರುತ್ತದೆ. ಅವಳಿಗೆ 18 ಇತ್ತು. ಎರಡೂ ಬಾಹ್ಯಾಕಾಶದ ವಿದ್ಯೆ ಏನಲ್ಲ. ಮೊದಲನೇ ದಿನವೇ ಮಾಡಬಹುದಿತ್ತು.

ಆ ರಾತ್ರಿ ರಕ್ತ ಹಾಕಬೇಕಿತ್ತು. ನನ್ನ ತಮ್ಮ, ಮೈದುನ, ಅವರ ಗೆಳೆಯರು, ಎಲ್ಲರೂ ಬಂದು ಸಾಲಾಗಿ ನಿಂತರು. ಬ್ಲಡ್ ಬ್ಯಾಂಕಿನವರು ಒಂದಾದ ಮೇಲೊಂದು ಚೀಲದ ರಕ್ತ ತಾಳೆ ನೋಡುತ್ತಲೇ ಇದ್ದರು. ಗುಂಪು ಒಂದೇ ಇದ್ದರೂ ಯಾವುದೂ ಹೊಂದುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಹಾಗೇ ಆಗುತ್ತದಂತೆ. ಅವಳ ಪ್ರತಿಕಾಯಗಳು ಬೇರೆಯವರ ಕಣಕ್ಕೂ ಅಂಟಿಕೊಳ್ಳುತ್ತವೆ. ಕೊನೆಗೆ ಇದ್ದುದರಲ್ಲಿ ಕಡಿಮೆ ವಿರೋಧ ಇದ್ದ ಒಂದು ಚೀಲ ಆರಿಸಿ, ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು, ಹನಿ ಹನಿಯಾಗಿ ಹಾಕಿದರು. ರಕ್ಷಣಾ ವ್ಯವಸ್ಥೆಯ ದಾಳಿ ತಗ್ಗಿಸಲು ಸ್ಟೀರಾಯ್ಡ್ ಶುರು ಮಾಡಿದರು. ನಾಲ್ಕನೇ ದಿನ ಅವಳೇ ಎದ್ದು ಕೂತು ಮಂಡಕ್ಕಿ ಕೇಳಿದಳು. ಸ್ಟೀರಾಯ್ಡ್ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ನಿಲ್ಲಿಸಲು ತಿಂಗಳುಗಳೇ ಬೇಕಾದವು. ಈಗ ಚೆನ್ನಾಗಿದ್ದಾಳೆ. ಆದರೂ ಜ್ವರ ಬಂದಾಗಲೆಲ್ಲ ನಾನು ಮೊದಲು ನೋಡುವುದು ಅವಳ ಕಣ್ಣನ್ನೇ.

ಈಗ ಆ ಹುಡುಗನ ಮಾತು. ಒಂದು ಕ್ಯಾಂಪಿನಿಂದ ಬರುವ ಎಂಟನೇ ತರಗತಿಯ ಹುಡುಗ. ನಮ್ಮ ಕಡೆಯವರಿಗೆ ಕ್ಯಾಂಪ್ ಅಂದರೆ ಗೊತ್ತು: ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಗೋದಾವರಿ ಸೀಮೆಯಿಂದ ಬಂದು ಗದ್ದೆ ಮಾಡಿದ ತೆಲುಗರ ಊರುಗಳು. ಕಬಡ್ಡಿಯಲ್ಲಿ ಅವನನ್ನು ಹಿಡಿಯುವುದೇ ಕಷ್ಟವಾಗಿತ್ತು. ಅಂಥವನು ಆಟದ ಪಿರಿಯಡ್ಡಿನಲ್ಲಿ ಬೇವಿನ ಮರದ ಕೆಳಗೆ ಕೂರಲು ಶುರು ಮಾಡಿದ. ರಾತ್ರಿ ಮೊಳಕಾಲು ನೋವು. ಬಿಟ್ಟು ಬಿಟ್ಟು ಜ್ವರ. ಹತ್ತಿರದಲ್ಲೇ ಒಬ್ಬರ ಹತ್ತಿರ ತೋರಿಸಿದರು. ಅವರು ಚೀಟಿಯಲ್ಲಿ ‘ರಕ್ತ ಕಡಿಮೆ’ ಅಂತ ಬರೆದು, ಸೂಜಿ ಮಾಡಿ, ಸಣ್ಣ ಬಿಳಿ ಗುಳಿಗೆ ಕೊಟ್ಟರು. ಜಾದೂ ಥರ ಜ್ವರ ಇಳಿಯಿತು, ನೋವು ಹೋಯಿತು, ಊಟ ಸೇರಿತು. ಅವನ ತಾಯಿ ಶಾಲೆಗೆ ಬಂದು, ‘ಆರಾಮಾತ್ರೀ ಅಕ್ಕೋರೆ’ ಅಂತ ಖುಷಿಯಿಂದ ಹೇಳಿ ಹೋದರು. ಐದು ವಾರಕ್ಕೆ ಎಲ್ಲ ವಾಪಸ್ ಬಂತು. ಈ ಸಲ ತೊಡೆ ಮೇಲೆ ಪೆಟ್ಟಿಲ್ಲದೇ ಎದ್ದ ನೀಲಿ ಕಲೆಗಳೂ ಇದ್ದವು. ಬ್ರಷ್ ಮಾಡಿದರೆ ಒಸಡಿನಲ್ಲಿ ರಕ್ತ.

ಬೆಂಗಳೂರಿನ ಕಿದ್ವಾಯಿಯಲ್ಲಿ ಕಾಯಿಲೆಯ ಹೆಸರು ಗೊತ್ತಾಯಿತು. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅದರಲ್ಲಿ ಮಕ್ಕಳಿಗೆ ಜಾಸ್ತಿ ಬರುವ ಬಗೆ. ಮೊದಲು ಕೊಟ್ಟಿದ್ದ ಆ ಬಿಳಿ ಗುಳಿಗೆ ಸ್ಟೀರಾಯ್ಡ್. ನನ್ನ ಮಗಳ ಜೀವ ಉಳಿಸಿದ್ದೂ ಸ್ಟೀರಾಯ್ಡೇ. ಈ ಹುಡುಗನ ವಿಷಯದಲ್ಲಿ ಅದೇ ಔಷಧ ಕಾಯಿಲೆಯ ಗುರುತನ್ನು ಅಳಿಸಿಬಿಟ್ಟಿತು. ಲ್ಯುಕೇಮಿಯಾ ಚಿಕಿತ್ಸೆಯಲ್ಲೂ ಸ್ಟೀರಾಯ್ಡ್ ಬಳಸುತ್ತಾರೆ, ನಿಜ. ಆದರೆ ಬೇರೆ ಔಷಧಗಳ ಜೊತೆ, ಮಜ್ಜೆ ಪರೀಕ್ಷೆ ಆದ ಮೇಲೆ. ಮೊದಲೇ ಒಂದನ್ನೇ ಕೊಟ್ಟರೆ ಕೆಟ್ಟ ಕಣಗಳು ಸ್ವಲ್ಪ ಕಾಲ ಅಡಗುತ್ತವೆ, ಪರೀಕ್ಷೆ ಮಾಡಿದರೂ ಸರಿಯಾಗಿ ಕಾಣುವುದಿಲ್ಲ, ರೋಗ ಎಷ್ಟು ತೀವ್ರ ಅಂತ ಅಳೆಯುವುದೂ ಕಷ್ಟವಾಗುತ್ತದೆ. ಒಂದು ಸ್ಮಿಯರ್ ಮೊದಲು ನೋಡಿದ್ದರೆ ಐದು ವಾರ ಕಳೆದುಹೋಗುತ್ತಿರಲಿಲ್ಲ.

ಈ ಎರಡೂ ಕಾಯಿಲೆಯನ್ನು ಮಕ್ಕಳಿಗೆ ನಾನು ಭತ್ತದ ಲೆಕ್ಕದಲ್ಲಿ ಹೇಳುತ್ತೇನೆ. ಗಂಗಾವತಿಯ ಮಕ್ಕಳಿಗೆ ಅದು ಥಟ್ ಅಂತ ಹತ್ತುತ್ತದೆ. ಎಲುಬಿನೊಳಗಿನ ಮಜ್ಜೆಯೇ ಗದ್ದೆ. ಅಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹುಟ್ಟುತ್ತವೆ. ಒಂದೊಂದೂ ಸುಮಾರು 120 ದಿನ ಬದುಕುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್, ಎಲ್ಲ ಅಲ್ಲೇ ಬೆಳೆಯುತ್ತವೆ. ಕಬ್ಬಿಣಾಂಶ ಕಡಿಮೆಯಾದರೆ ಅದು ಗೊಬ್ಬರ ಇಲ್ಲದ ಗದ್ದೆ. ಗೊಬ್ಬರ ಹಾಕಿದರೆ ಸರಿಹೋಗುತ್ತದೆ. ಹಿಮೋಲಿಟಿಕ್ ಅನೀಮಿಯಾದಲ್ಲಿ ಗದ್ದೆ ಚೆನ್ನಾಗಿದೆ, ಫಸಲು ಬರುತ್ತಲೇ ಇದೆ, ಆದರೆ ಮನೆ ಸೇರುವ ಮೊದಲೇ ಹಂದಿ ನುಗ್ಗಿ ಹಾಳು ಮಾಡುತ್ತಿದೆ. ಅಲ್ಲಿ ಎಷ್ಟು ಗೊಬ್ಬರ ಸುರಿದರೇನು? ಲ್ಯುಕೇಮಿಯಾ ಅಂದರೆ ಕಳೆ. ಭತ್ತದ ಸಸಿಯ ಹಾಗೇ ಕಾಣುವ ಆದರೆ ತೆನೆ ಕಟ್ಟದ ಹುಲ್ಲು ಗದ್ದೆ ತುಂಬಾ ಹಬ್ಬುತ್ತದೆ. ಬಲಿಯದ ಬಿಳಿ ಕಣಗಳು ಲೆಕ್ಕವಿಲ್ಲದೆ ಬೆಳೆದು ಜಾಗವನ್ನೆಲ್ಲ ತಿನ್ನುತ್ತವೆ. ಕೆಂಪು ಕಣಕ್ಕೆ ಜಾಗ ಇಲ್ಲ, ಅದಕ್ಕೇ ಸುಸ್ತು. ಪ್ಲೇಟ್‌ಲೆಟ್‌ಗೆ ಜಾಗ ಇಲ್ಲ, ಅದಕ್ಕೇ ನೀಲಿ ಕಲೆ. ಒಳ್ಳೆಯ ಬಿಳಿ ಕಣಕ್ಕೂ ಜಾಗ ಇಲ್ಲ, ಅದಕ್ಕೇ ಬಿಡದ ಜ್ವರ. ಬದುವಿನ ಮೇಲೆ ನಿಂತು ‘ಇಳುವರಿ ಕಡಿಮೆ’ ಅಂತ ಹೇಳುವುದು ಸುಲಭ. ಯಾಕೆ ಅಂತ ಗೊತ್ತಾಗಬೇಕಾದರೆ ಗದ್ದೆಗೆ ಇಳಿಯಬೇಕು.

ಆಸ್ಪತ್ರೆಯ ರಾತ್ರಿಗಳಲ್ಲಿ ಓದಿ ತಿಳಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಾನು ಸೋಮವಾರ ಕೊಡುವ ನೀಲಿ ಗುಳಿಗೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇದೆ. ಅದರ ಕಥೆ ಶುರುವಾಗುವುದು 1928ರ ಸುಮಾರಿಗೆ, ಮುಂಬೈಯಲ್ಲಿ. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆ ಯಾಕೆ ಅಂತ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಹುಡುಕಿಕೊಂಡು ಹೋದರು. ಯೀಸ್ಟಿನ ಸಾರ ಕೊಟ್ಟರೆ ವಾಸಿಯಾಗುತ್ತದೆ ಅಂತ ಕಂಡರು. ಅದರೊಳಗಿದ್ದದ್ದೇ ಫೋಲಿಕ್ ಆಮ್ಲ. 1945ರಲ್ಲಿ ಅದನ್ನು ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ನಡೆಸಿದವರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಗೋದಾವರಿ ಸೀಮೆಯ ಭೀಮಾವರಂನಲ್ಲಿ ಹುಟ್ಟಿದವರು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅನ್ನುವ ವೈದ್ಯರಿಗೆ, ಫೋಲಿಕ್ ಆಮ್ಲ ಕೊಟ್ಟರೆ ಲ್ಯುಕೇಮಿಯಾ ಇನ್ನೂ ಜೋರಾಗುತ್ತದೆ ಅನ್ನುವ ಅನುಮಾನ ಬಂತು. ಹಾಗಾದರೆ ಅದನ್ನು ತಡೆಯುವ ವಸ್ತು ಕೊಟ್ಟರೆ? ಅಂಥ ವಸ್ತುವನ್ನೂ ಸುಬ್ಬರಾವ್ ತಂಡವೇ ಮಾಡಿಕೊಟ್ಟಿತು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಂದಿಗೆ ಸ್ವಲ್ಪ ಕಾಲವಾದರೂ ರೋಗ ಹಿಂದೆ ಸರಿದಿತ್ತು. ಅಲ್ಲಿಯವರೆಗೆ ಈ ಕಾಯಿಲೆಗೆ ಏನೂ ಇರಲಿಲ್ಲ. ಅದೇ ಜಾತಿಯ ಔಷಧವಾದ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ನಮ್ಮ ಕ್ಯಾಂಪಿನ ಹುಡುಗ ಇವತ್ತು ವಾರಕ್ಕೊಮ್ಮೆ ನುಂಗುತ್ತಾನೆ. ನನ್ನ ಮಗಳಿಗೆ ಹೊಸ ರಕ್ತ ಕಟ್ಟಲು ಫೋಲಿಕ್ ಆಮ್ಲ. ಅವನಿಗೆ ಅದನ್ನು ತಡೆಯುವ ಔಷಧ. ಎರಡೂ ಕಡೆ ಮೊದಲ ದಿನ ಬರೆದ ಚೀಟಿಯಲ್ಲಿ ಇದ್ದದ್ದು ಮಾತ್ರ ಒಂದೇ ಮಾತು, ‘ರಕ್ತ ಕಡಿಮೆ’.

ಸರ್, ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು. ದೊಡ್ಡ ಕಟ್ಟಡ ಕೇಳುತ್ತಿಲ್ಲ. ಹಿಮೋಗ್ಲೋಬಿನ್ ತುಂಬಾ ಇಳಿದಿದ್ದರೆ, ಅಥವಾ ಗುಳಿಗೆ ಸರಿಯಾಗಿ ನುಂಗಿಯೂ ಒಂದು ತಿಂಗಳಲ್ಲಿ ಸುಮಾರು 1 ಗ್ರಾಂ ಏರದಿದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಪೂರ್ತಿ ರಕ್ತ ಎಣಿಕೆ, ಸ್ಮಿಯರ್, ರೆಟಿಕ್ಯುಲೋಸೈಟ್ ಎಣಿಕೆ, ಈ ಮೂರನ್ನು ಮಾಡದೆ ಎರಡನೇ ಬಾಟಲಿ ಟಾನಿಕ್ ಕೊಡಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಸ್ಮಿಯರ್ ಓದುವ ತಜ್ಞರು ಎಲ್ಲ ಕಡೆ ಇರಲಿಕ್ಕಿಲ್ಲ. ಗಾಜಿನ ಪಟ್ಟಿಯನ್ನು ಕೊಪ್ಪಳದ ವೈದ್ಯಕೀಯ ಕಾಲೇಜಿಗೆ ಕಳಿಸಿಕೊಡುವ ವ್ಯವಸ್ಥೆ ಮಾಡಿ. ಬಿಳಿಚಿಕೊಂಡ, ಜ್ವರ ಬಿಡದ ಮಗುವಿಗೆ ರಕ್ತದ ಸ್ಯಾಂಪಲ್ ತೆಗೆಯದೆ ಸ್ಟೀರಾಯ್ಡ್ ಕೊಡಬೇಡಿ ಅಂತ ಊರೂರಿನ ಕ್ಲಿನಿಕ್ಕುಗಳಿಗೆ ತಿಳಿಸಿ ಹೇಳಿ. ರಕ್ತ ಹಾಕುವ ಮೊದಲೂ ಪರೀಕ್ಷೆಗೆ ಒಂದು ಸ್ಯಾಂಪಲ್ ಎತ್ತಿಡಲಿ. ಬೇರೆಯವರ ರಕ್ತ ಬೆರೆತ ಮೇಲೆ ಥಲಸೇಮಿಯಾದಂಥ ಕಾಯಿಲೆಯ ಪರೀಕ್ಷೆ ಸರಿಯಾಗಿ ಬರುವುದಿಲ್ಲ.

ಥಲಸೇಮಿಯಾ ಅಂದೆ. ಇದು ಮನೆತನದಲ್ಲಿ ಹರಿದು ಬರುವ ರಕ್ತದ ಕಾಯಿಲೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಆ ದೋಷವನ್ನು ಮೈಯಲ್ಲಿ ಹೊತ್ತವರಾಗಿದ್ದರೆ, ಪ್ರತಿ ಬಸಿರಿನಲ್ಲೂ ನೂರಕ್ಕೆ 25ರಷ್ಟು ಸಾಧ್ಯತೆ ಮಗುವಿಗೆ ತೀವ್ರ ರೂಪ ಬರುವುದು. ವಾಹಕರು ನೋಡಲು ಆರೋಗ್ಯವಾಗೇ ಇರುತ್ತಾರೆ, ಸ್ವಲ್ಪ ‘ರಕ್ತ ಕಡಿಮೆ’ ಅಷ್ಟೇ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ಇನ್ನೂ ನಡೆಯುತ್ತಿದೆ. ನಾನೂ ಸೋದರತ್ತೆ ಮಗನನ್ನೇ ಮದುವೆಯಾದವಳು. ಬಳ್ಳಾರಿಯಲ್ಲಿ ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ ಅದು. ಆಗ ನಮ್ಮತ್ತೆ ಬೇಜಾರು ಮಾಡಿಕೊಂಡರು. ನಮ್ಮಲ್ಲಿ ಆ ದೋಷ ಇಲ್ಲ ಅಂತ ಪರೀಕ್ಷೆಯಲ್ಲಿ ಬಂತು, ಆದರೂ ಪ್ರಶ್ನೆ ಸರಿಯಾದದ್ದೇ. ಮದುವೆಗೆ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳು ಸೇರಿವೆ. ಆ ಮಕ್ಕಳಿರುವ ಮನೆಯವರು ಇದನ್ನು ತಿಳಿದಿರಿ.

ತಾಯಂದಿರೇ, ಆಶಾ ಅಕ್ಕಂದಿರೇ, ನಿಮಗೂ ಒಂದು ಮಾತು. ಕಣ್ಣು ಹಳದಿಯಾಗಿ ಜೊತೆಗೆ ಮಗು ಬಿಳಿಚಿಕೊಂಡರೆ ಕಾಮಣಿ ಅಂತ ಬರೆ ಹಾಕಿಸಬೇಡಿ, ಎಲೆ ರಸ ಮೂಗಿಗೆ ಬಿಡಿಸಬೇಡಿ. ಎರಡು ವಾರ ಬಿಡದ ಜ್ವರ, ಪೆಟ್ಟಿಲ್ಲದೆ ಏಳುವ ನೀಲಿ ಕಲೆ, ಚರ್ಮದ ಮೇಲೆ ಸಾಸಿವೆ ಚೆಲ್ಲಿದಂಥ ಕೆಂಪು ಚುಕ್ಕೆ, ರಾತ್ರಿ ಎಬ್ಬಿಸುವ ಎಲುಬು ನೋವು, ಕುತ್ತಿಗೆಯಲ್ಲಿ ಗಂಟು, ಇವು ಕಂಡರೆ ಜಾತ್ರೆ ಮುಗಿಯಲಿ, ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ಎಲ್ಲ ಜ್ವರವೂ ಕ್ಯಾನ್ಸರ್ ಅಲ್ಲ, ಸುಮ್ನೆ ಹೆದರಬೇಡಿ. ಪರೀಕ್ಷೆ ಮಾಡಿಸಿ ಅಂತಷ್ಟೇ ಹೇಳುತ್ತಿದ್ದೇನೆ. ಚೀಟಿಯಲ್ಲಿ ‘ರಕ್ತ ಕಡಿಮೆ’ ಅಂತ ಬರೆದರೆ ಧೈರ್ಯವಾಗಿ ಕೇಳಿ, ‘ಯಾಕ್ ಕಡಿಮಿ ಆಗೇತ್ರಿ ಸರ?’ ಅಂತ. ಕೇಳುವುದು ನಿಮ್ಮ ಹಕ್ಕು.

ರಕ್ತದ ಕ್ಯಾನ್ಸರ್ ಅಂದ ತಕ್ಷಣ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ಮುಂದುವರಿದ ದೇಶಗಳಲ್ಲಿ ಮಕ್ಕಳ ಈ ಬಗೆಯ ಲ್ಯುಕೇಮಿಯಾ 100ರಲ್ಲಿ ಸುಮಾರು 90 ಮಕ್ಕಳಿಗೆ ವಾಸಿಯಾಗುತ್ತದೆ. ದೊಡ್ಡವರಿಗೆ ಬರುವ ಒಂದು ನಿಧಾನ ಬಗೆಗೆ 2001ರಿಂದ ಇಮ್ಯಾಟಿನಿಬ್ ಅನ್ನುವ ಗುಳಿಗೆಯೇ ಇದೆ. 2013ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ಅದರ ಪೇಟೆಂಟ್ ಅರ್ಜಿ ತಳ್ಳಿಹಾಕಿದ್ದರಿಂದ ಭಾರತದ ಕಂಪನಿಗಳ ಅಗ್ಗದ ಗುಳಿಗೆ ಬಡವರಿಗೂ ಸಿಗುತ್ತಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗಿ ಬರುವಾಗ ರೈಲಿನ ಸ್ಲೀಪರ್ ಬೋಗಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವವರಿಗೂ ಮುಕ್ಕಾಲು ಪಾಲು. ಇದನ್ನು ಆ ಹುಡುಗನ ತಾಯಿಗೆ ನಾಲ್ಕು ತಿಂಗಳು ಯಾರೂ ಹೇಳಲಿಲ್ಲ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಜನರಲ್ ಬೋಗಿಯ ಬಾಗಿಲ ಹತ್ತಿರ ಚೀಲದ ಮೇಲೆ ಮಗನನ್ನು ಮಲಗಿಸಿಕೊಂಡು ಹೋಗುತ್ತಿದ್ದರು. ಸೋಂಕು ತಗುಲಬಾರದು ಅಂತ ಡಾಕ್ಟರು ಹೇಳಿದ ಮಗು ಅದು. ಸರ್, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಮನೆಯವರಿಗೆ ಈ ಮಾಹಿತಿ ಹೇಳುವ, ಅರ್ಜಿ ತುಂಬಿಸಿಕೊಡುವ ಒಬ್ಬರನ್ನು ದಯವಿಟ್ಟು ಗೊತ್ತು ಮಾಡಿ.

ಆ ಹುಡುಗ ಶಾಲೆಗೆ ವಾಪಸ್ ಬಂದಾಗ ಕೂದಲು ಉದುರಿತ್ತು, ಮುಖ ಊದಿತ್ತು. ಮೂವರು ತಂದೆ ತಾಯಿ ತಮ್ಮ ಮಕ್ಕಳನ್ನು ಬೇರೆ ಬೆಂಚಿಗೆ ಕೂರಿಸಿ ಅಂತ ಬಂದು ಕೇಳಿದರು. ನಾನು ಅವರನ್ನು ಕೂರಿಸಿಕೊಂಡು ಹೇಳಿದೆ: ಇದು ಮುಟ್ಟಿದರೆ, ಎಂಜಲು ತಿಂದರೆ, ಪಕ್ಕ ಕೂತರೆ ಬರುವುದಿಲ್ಲ. ನಿಮ್ಮ ಮಗನಿಗೆ ನೆಗಡಿ ಇದ್ದರೆ ಅವನಿಗೇ ಅಪಾಯ, ಅವನಿಂದ ನಿಮಗಲ್ಲ. ಇಬ್ಬರು ಒಪ್ಪಿದರು. ಮೂರನೆಯವರ ಮಗ ತಾನೇ ಎದ್ದು ಹೋಗಿ ಅವನ ಪಕ್ಕ ಕೂತ.

ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಎಲ್ಲ ಸೇರಿ ಎರಡರಿಂದ ಮೂರು ವರ್ಷ ಅಂತ ಹೇಳಿದ್ದಾರೆ. ಡಾಕ್ಟರು ಹೇಳದೆ ಅವನು ನೀಲಿ ಗುಳಿಗೆ ನುಂಗುವಂತಿಲ್ಲ. ಅದಕ್ಕೆ ಸೋಮವಾರ ಅವನು ಸಾಲಿನಲ್ಲಿ ನಿಲ್ಲುವುದಿಲ್ಲ. ಮಾಸ್ಕ್ ಹಾಕಿಕೊಂಡು ನನ್ನ ಪಕ್ಕ ನಿಂತು ನುಂಗಿದವರ ಹೆಸರಿನ ಮುಂದೆ ಗುರುತು ಹಾಕುತ್ತಾನೆ. ಸರ್, ನೀವು ಒಂದು ಸೋಮವಾರ ನಮ್ಮ ಶಾಲೆಗೆ ಬನ್ನಿ. ಬಿಸಿಯೂಟ ಒಂದೂವರೆಗೆ ಮುಗಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ